‘ಹೆಡ್ ಬುಷ್’: ವೇಷವುಂಟು, ಪ್ರಸಂಗವೆಲ್ಲಿ?

ಭೂಗತ ಲೋಕದ ಚಲನಚಿತ್ರವನ್ನು ಕುರಿತು ನಿವೃತ್ತ ಮಾಸ್ತರನೊಬ್ಬ ಬರೆಯಹೊರಟರೆ ಓದುಗ ಮಿತ್ರರಲ್ಲಿ ಕೆಲವರಿಗೆ ನಗು ಬಂದೀತು. ಆದರೆ ಧನಂಜಯ ಅವರು ನಾಯಕರಾಗಿ ನಟಿಸಿದ ‘ಹೆಡ್ ಬುಷ್’ ನನ್ನಂಥವರು ಕಣ್ಣಾರೆ ಕಂಡ ಕಾಲವೊಂದನ್ನು ತೆರೆಗೆ ತಂದ ಚಿತ್ರ. ಆದುದರಿಂದ ನಾಲ್ಕು ಮಾತು ಹೇಳುವ ಹಕ್ಕು ನನಗೂ ಉಂಟೆಂದು ಭಾವಿಸುತ್ತೇನೆ.

ಅಗ್ನಿ ಶ್ರೀಧರ್ ಬರೆದು, ಶೂನ್ಯ ನಿರ್ದೇಶಿಸಿದ ಈ ಚಿತ್ರ ಬಿಡುಗಡೆಯಾದುದು 2022ರ ಅಕ್ಟೋಬರ್ 21ರಂದು. ನಮ್ಮ ಪುತ್ತೂರು, ಸುಳ್ಯ, ಕಡಬದ ಜನರೆಲ್ಲ ಆಗ ‘ಕಾಂತಾರ’ದ ಗುಂಗಿನಲ್ಲಿದ್ದುದರಿಂದ ಇದು ಇಲ್ಲಿ ಅಷ್ಟಾಗಿ ಚರ್ಚೆಗೆ ಬರಲಿಲ್ಲ. 1970ರ ದಶಕದ ಬೆಂಗಳೂರಿನಲ್ಲಿ ಕುಸ್ತಿಯ ಗರಡಿಯಿಂದ ಹೊರಟು ರಾಜಕಾರಣಿಗಳ ಆಸರೆಯಲ್ಲಿ ಬೆಳೆದ ಎಂ.ಪಿ. ಜಯರಾಜನ ಕಥೆಯಿದು. ಮುಖ್ಯಮಂತ್ರಿ ದೇವರಾಜ ಅರಸರ ಅಳಿಯ ಎಂ.ಡಿ. ನಟರಾಜ್ ಮತ್ತು ಅವರ ‘ಇಂದಿರಾ ಬ್ರಿಗೇಡ್’ ಕೂಡ ಇದರಲ್ಲಿ ಬರುತ್ತದೆ.

ಮೊದಲು ಮೆಚ್ಚಬೇಕಾದುದನ್ನು ಮೆಚ್ಚೋಣ. ಅಗಲ ಕಾಲಿನ ಪ್ಯಾಂಟು, ಉದ್ದ ಕಾಲರಿನ ಅಂಗಿ, ಹಳೆಯ ಪೇಟೆಬೀದಿ, ಕಾರು, ಇವೆಲ್ಲವನ್ನೂ ಶ್ರದ್ಧೆಯಿಂದ ಜೋಡಿಸಿದ್ದಾರೆ. ಚರಣ್‌ರಾಜ್ ಅವರ ಸಂಗೀತಕ್ಕೆ ಆ ಕಾಲದ ಬಿಸಿ ಇದೆ. ಧನಂಜಯರ ನಡಿಗೆಯಲ್ಲಿ ಪೈಲ್ವಾನನ ಗತ್ತಿದೆ. ಗಂಗನಾಗಿ ಯೋಗಿ ಗಮನ ಸೆಳೆಯುತ್ತಾರೆ.

ಕೊರತೆಯಿರುವುದು ಕಥನದಲ್ಲಿ. ಯಕ್ಷಗಾನ ನೋಡಿ ಬೆಳೆದ ನಮಗೆ ಬಣ್ಣದ ವೇಷದ ತೆರೆ ಒಡ್ಡೋಲಗವೆಂದರೆ ಪ್ರಾಣ. ಚೆಂಡೆಯ ಅಬ್ಬರ, ತೆರೆಯ ಹಿಂದಿನ ಆರ್ಭಟ ಎಲ್ಲವೂ ಬೇಕು. ಆದರೆ ರಾತ್ರಿಯಿಡೀ ಒಡ್ಡೋಲಗವೇ ನಡೆದರೆ ಪ್ರಸಂಗ ಮುಂದೆ ಸಾಗುವುದೆಂತು? ಈ ಚಿತ್ರದಲ್ಲಿ ಒಬ್ಬೊಬ್ಬನೂ ಠೀವಿಯಿಂದ ಪ್ರವೇಶಿಸುತ್ತಾನೆ, ಹೊಡೆಯುತ್ತಾನೆ, ಮುಂದಿನವನಿಗೆ ಜಾಗ ಬಿಡುತ್ತಾನೆ. ಹಿಂದಿನ ಘಟನೆಯಿಂದ ಮುಂದಿನದು ಹುಟ್ಟುವುದಿಲ್ಲ. ಮಣಿಗಳಿವೆ, ದಾರವಿಲ್ಲ. ತಾಳಮದ್ದಳೆಯಲ್ಲಿ ಜರಾಸಂಧನ ಅರ್ಥ ಹೇಳುವವನು ತನ್ನ ಪಕ್ಷದ ನ್ಯಾಯವನ್ನು ಸಭೆಯ ಮುಂದೆ ಮಂಡಿಸಲೇಬೇಕು. ನಾವು ಒಪ್ಪದಿದ್ದರೂ ಅವನ ಮನಸ್ಸನ್ನು ಅರಿಯುತ್ತೇವೆ. ಇಲ್ಲಿಯ ಜಯರಾಜ ಅಬ್ಬರಿಸುವುದೇ ಹೆಚ್ಚು, ತನ್ನನ್ನು ತಾನು ಬಿಡಿಸಿ ಹೇಳಿಕೊಳ್ಳುವುದು ಕಡಿಮೆ.

ಇದೇ ಅಗ್ನಿ ಶ್ರೀಧರರ ಬರಹವನ್ನು ಆಧರಿಸಿ ಕೆ.ಎಂ. ಚೈತನ್ಯ ನಿರ್ದೇಶಿಸಿದ ‘ಆ ದಿನಗಳು’ (2007) ಚಿತ್ರವನ್ನು ಜೊತೆಗಿಟ್ಟು ನೋಡಿದರೆ ವ್ಯತ್ಯಾಸ ತಿಳಿಯುತ್ತದೆ. ಒಂದು ಪ್ರೇಮಪ್ರಕರಣದಿಂದ ಮೊದಲಾಗಿ ಕೊತ್ವಾಲ್ ರಾಮಚಂದ್ರನ ಕೊಲೆಯತ್ತ ಸಾಗುವ ಆ ಕಥೆಯ ಹರವು ಕಿರಿದು. ಕಿರಿದಾದುದರಿಂದಲೇ ಅಲ್ಲಿ ಭಯಕ್ಕೆ ತೂಕವಿದೆ.

ನನ್ನ ಮುಖ್ಯ ಆಕ್ಷೇಪ ಬೇರೆಯೇ ಇದೆ. ಅರಸರ ಕಾಲವೆಂದರೆ ಬೆಂಗಳೂರಿನ ಚಾಕು-ಚೂರಿಯಷ್ಟೇ ಏನು? 1974ರ ಮಾರ್ಚ್ 1ರಂದು ಜಾರಿಗೆ ಬಂದ ಭೂಸುಧಾರಣೆಯ ತಿದ್ದುಪಡಿ ನಮ್ಮ ಸೀಮೆಯ ಬದುಕನ್ನೇ ಮಗುಚಿ ಹಾಕಿತು. ಚಾಲಗೇಣಿಯ ಒಕ್ಕಲುಗಳು ‘ಡಿಕ್ಲರೇಶನ್’ ಕೊಟ್ಟರು. ಎಂದೂ ಧನಿಗಳ ಚಾವಡಿ ಏರದವರು ಭೂನ್ಯಾಯಮಂಡಳಿಯ ಮುಂದೆ ನಿಂತು ತಮ್ಮ ಮಾತನ್ನು ತಾವೇ ಆಡಿದರು. ಆ ಮೂಲ ಕಾನೂನಿನಂತೆ ಅಲ್ಲಿ ವಕೀಲರಿಗೆ ಪ್ರವೇಶವಿರಲಿಲ್ಲ. ಗೇಣಿಯ ಅಕ್ಕಿಯೊಂದನ್ನೇ ನೆಚ್ಚಿದ್ದ ಸಣ್ಣ ಧನಿಗಳ ಮನೆಗಳಲ್ಲಿ ಒಲೆ ಆರಿದ್ದೂ ಸತ್ಯ. ಎರಡೂ ಕಡೆಯವರ ಮಕ್ಕಳು ಒಂದೇ ಶಾಲೆಯ ಒಂದೇ ಬೆಂಚಿನಲ್ಲಿ ಕುಳಿತಿದ್ದರು. ಕೊಲೆಯಿಲ್ಲದೆ, ಅರ್ಜಿ ಮತ್ತು ಸಾಕ್ಷಿಗಳ ಮೂಲಕ ನಡೆದ ಈ ಪಲ್ಲಟಕ್ಕಿಂತ ದೊಡ್ಡ ನಾಟಕ ಬೇರೆ ಯಾವುದಿದೆ?

ಬೆಂಗಳೂರಿನ ಚಿತ್ರದಲ್ಲಿ ಪುತ್ತೂರಿನ ಗದ್ದೆ ಬರಬೇಕೆಂದು ನಾನು ಹಟ ಹಿಡಿಯುತ್ತಿಲ್ಲ. ಆದರೆ ಬಡವರಿಗೆ ನೆಲ ಕೊಡಿಸಿದ ಸರಕಾರದ ಅಂಗಳದಲ್ಲೇ ತೋಳ್ಬಲದವರಿಗೆ ಮಣೆ ಏಕೆ ಬೇಕಾಯಿತು? ‘ಗರೀಬಿ ಹಟಾವೋ’ ಎಂಬ ಘೋಷಣೆಯೇ ಮುಂದೆ ಜಯರಾಜ ನಡೆಸಿದ ಪತ್ರಿಕೆಯ ಹೆಸರಾಯಿತು. ಆತ ಕೊಲೆಯಾದುದು 1989ರಲ್ಲಿ. ಒಂದೇ ಮಾತು ಹಳ್ಳಿಯಲ್ಲಿ ಒಂದು ಅರ್ಥವನ್ನೂ ನಗರದಲ್ಲಿ ಇನ್ನೊಂದು ಅರ್ಥವನ್ನೂ ಪಡೆದ ಈ ವಿಪರ್ಯಾಸವೇ ಚಿತ್ರದ ಜೀವಾಳವಾಗಬಹುದಿತ್ತು. ಚಿತ್ರ ಅದರ ಬಾಗಿಲವರೆಗೆ ಹೋಗಿ ಮತ್ತೊಂದು ಹೊಡೆದಾಟಕ್ಕೆ ಹಿಂದಿರುಗುತ್ತದೆ.

ಇಂದಿನ ತರುಣರಲ್ಲಿ ಅನೇಕರು ಅರಸರ ಹೆಸರನ್ನು ಮೊದಲು ಕೇಳುವುದು ಇಂಥ ಚಿತ್ರಗಳಲ್ಲಿ. ಆದುದರಿಂದ ಇದು ಬರಿಯ ರಂಜನೆಯ ಪ್ರಶ್ನೆಯಲ್ಲ. ಚಿತ್ರವನ್ನು ಅವರು ಧಾರಾಳವಾಗಿ ನೋಡಲಿ, ಧನಂಜಯರ ಅಭಿನಯಕ್ಕೆ ಚಪ್ಪಾಳೆ ತಟ್ಟಲಿ. ಬಳಿಕ ಮನೆಗೆ ಬಂದು, ನಮ್ಮ ಜಾಗ ಯಾವ ವರ್ಷ ಡಿಕ್ಲರೇಶನ್ ಆದದ್ದು, ಆಗ ಯಾರು ಗೆದ್ದರು, ಯಾರು ಸೋತರು ಎಂದು ಅಜ್ಜ-ಅಜ್ಜಿಯರಲ್ಲಿ ಒಮ್ಮೆ ಕೇಳಲಿ. ಹೇಳಬಲ್ಲವರು ವರ್ಷದಿಂದ ವರ್ಷಕ್ಕೆ ಕಡಿಮೆಯಾಗುತ್ತಿದ್ದಾರೆ.