ಟಿಕೆಟ್ಟಿಗೆ ಜಾತಿ ಇಲ್ಲ, ಕಟಿಂಗಿಗೆ ಯಾಕೆ?

ಮಿತ್ರರೇ, ಹೊಸಪೇಟೆಯಲ್ಲಿ ದೊಡ್ಡ ಚಿತ್ರ ಬಿಡುಗಡೆಯಾದ ದಿನ ಥಿಯೇಟರ್ ಮುಂದೆ ನಿಂತು ನೋಡಿ. ಸಂಡೂರಿನ ಹುಡುಗರು, ಕಂಪ್ಲಿ ಹುಡುಗರು, ಹಂಪಿ ಕಡೆಯವರು, ಎಲ್ಲರೂ ಒಂದೇ ಕ್ಯೂ. ಹೀರೋ ಎಂಟ್ರಿಗೆ ಹೊಡೆಯೋ ಶಿಳ್ಳೆ ಯಾವ ಜಾತಿಯವನದು ಅಂತ ಕತ್ತಲಲ್ಲಿ ಯಾರೂ ಕೇಳೋದಿಲ್ಲ. ಆದರೆ ಷೋ ಬಿಟ್ಟ ಮೇಲೆ?

ಕಂಪ್ಲಿಯ ಸೇತುವೆ ದಾಟಿದರೆ ಗಂಗಾವತಿ ಸೀಮೆ. ಆ ತಾಲ್ಲೂಕಿನ ಮರಕುಂಬಿಯಲ್ಲಿ ದಲಿತರಿಗೆ ಹೋಟೆಲ್ ಒಳಗೆ ಜಾಗ ಇಲ್ಲ, ಕಟಿಂಗ್ ಶಾಪಿನಲ್ಲಿ ಕುರ್ಚಿ ಇಲ್ಲ ಅನ್ನೋ ಜಗಳ ಮೊದಲೇ ಹೊಗೆಯಾಡುತ್ತಿತ್ತು. 2014ರ ಆಗಸ್ಟ್ 28ರಂದು ಪುನೀತ್ ಅವರ ‘ಪವರ್’ ತೆರೆಗೆ ಬಂತು. ಗಂಗಾವತಿಯಲ್ಲಿ ಸಿನಿಮಾಕ್ಕೆ ಹೋದಾಗ ಹೊಡೆದಾಟವಾಯಿತು ಅನ್ನೋದೇ ನೆಪವಾಗಿ, ಅವತ್ತೇ ಊರಿನಲ್ಲಿ ದಲಿತರ ಗುಡಿಸಲುಗಳಿಗೆ ಬೆಂಕಿ ಬಿತ್ತು.

ಕೇಸು ಹತ್ತು ವರ್ಷ ನಡೆಯಿತು. 2024ರ ಅಕ್ಟೋಬರ್ 24ರಂದು ಕೊಪ್ಪಳದ ಸೆಷನ್ಸ್ ಕೋರ್ಟು 98 ಜನರಿಗೆ ಜೀವಾವಧಿ ಶಿಕ್ಷೆ ವಿಧಿಸಿತು. ಮುಂದಿನ ತಿಂಗಳೇ ಧಾರವಾಡದ ಹೈಕೋರ್ಟ್ ಪೀಠ ಅವರಲ್ಲಿ ಬಹುತೇಕರಿಗೆ ಜಾಮೀನು ಕೊಟ್ಟಿತು. ಅದು ಕೋರ್ಟಿನ ಮಾತು, ನಮ್ಮಂಥವರು ತೀರ್ಪು ಹೇಳೋದು ಬೇಡ. ನಮ್ಮ ಮಾತು ಸಿನಿಮಾದ್ದು.

ಇದೇ ಟಿಕೆಟ್ ಕಿಟಕಿಯ ಮುಂದೆ ಅಮೆರಿಕದಲ್ಲೂ ಒಂದು ಹೋರಾಟ ನಡೆದಿತ್ತು. ನಮ್ಮಲ್ಲಿ ಬಾಲ್ಕನಿ ಅಂದರೆ ದುಡ್ಡಿದ್ದವರ ಜಾಗ. ಅಲ್ಲಿನ ದಕ್ಷಿಣ ರಾಜ್ಯಗಳಲ್ಲಿ ಕಪ್ಪು ಜನರನ್ನು ಬಾಲ್ಕನಿಗೆ ಅಟ್ಟುತ್ತಿದ್ದರು, ಕೆಲವು ಥಿಯೇಟರುಗಳಲ್ಲಿ ಒಳಗೇ ಬಿಡುತ್ತಿರಲಿಲ್ಲ. ಟೆಕ್ಸಾಸಿನ ಆಸ್ಟಿನ್ ಊರಿನ ವಿದ್ಯಾರ್ಥಿಗಳು 1960ರಲ್ಲಿ ಏನು ಮಾಡಿದರು ಗೊತ್ತೇ? ಕಲ್ಲು ಎಸೆಯಲಿಲ್ಲ. ಕ್ಯೂ ನಿಂತರು! ಕಿಟಕಿ ಹತ್ತಿರ ಹೋಗಿ, “ಎಲ್ಲರಿಗೂ ಟಿಕೆಟ್ ಕೊಡ್ತೀರಾ?” ಅಂತ ಕೇಳೋದು. ಇಲ್ಲ ಅಂದರೆ ಮತ್ತೆ ಕ್ಯೂನ ಕೊನೆಗೆ ಹೋಗಿ ನಿಲ್ಲೋದು. ಬಿಳಿಯ ಹುಡುಗರೂ ಅವರ ಜೊತೆ ನಿಂತರು. ತಿಂಗಳುಗಟ್ಟಲೆ ನಿಂತ ಮೇಲೆ, 1961ರಲ್ಲಿ ಥಿಯೇಟರಿನವರು ಬಗ್ಗಿದರು. 1964ರಲ್ಲಿ ಇಡೀ ದೇಶಕ್ಕೇ ಕಾನೂನು ಬಂತು.

ಆ ಗಾಳಿ ಇಲ್ಲಿಗೂ ಬೀಸಿದೆ. ಅಲ್ಲಿನ ಬ್ಲ್ಯಾಕ್ ಪ್ಯಾಂಥರ್ಸ್ ಹೆಸರು ನೋಡಿಯೇ 1972ರಲ್ಲಿ ಬೊಂಬಾಯಿಯ ಹುಡುಗರು ದಲಿತ ಪ್ಯಾಂಥರ್ಸ್ ಕಟ್ಟಿದರು. ಅದೇ ದಶಕದಲ್ಲಿ ಬಿ. ಕೃಷ್ಣಪ್ಪ, ದೇವನೂರ ಮಹಾದೇವ, ಸಿದ್ಧಲಿಂಗಯ್ಯ ಮುಂತಾದವರು ನಮ್ಮಲ್ಲಿ ದಲಿತ ಸಂಘರ್ಷ ಸಮಿತಿಯನ್ನು ಬೆಳೆಸಿದರು.

ನಾನು ಪಿಯುಸಿ ಅರ್ಧಕ್ಕೆ ಬಿಟ್ಟವನು, ಭಾಷಣ ಬರೋದಿಲ್ಲ. ಒಂದೇ ಮಾತು ಕೇಳ್ತೀನಿ. ನೀವೂ ನಿಮ್ಮ ಗೆಳೆಯನೂ ಒಬ್ಬನೇ ಹೀರೋನ ಅಭಿಮಾನಿಗಳು. ಇಬ್ಬರಿಗೂ ಅವನ ಸ್ಟೈಲಿನದೇ ಕ್ರಾಪ್ ಬೇಕು. ನಿಮಗೆ ಕುರ್ಚಿ ಕೊಟ್ಟು ಅವನಿಗೆ ಬಾಗಿಲು ತೋರಿಸಿದರೆ ಏನು ಮಾಡ್ತೀರಿ? ಪರದೆ ಮೇಲೆ ಹೀರೋ ಅನ್ಯಾಯ ಕಂಡು ಎದ್ದಾಗ ಕಾಗದ ಹರಿದು ಎರಚಿದವರು ನಾವು. ಆವತ್ತು ಆ ಕುರ್ಚಿಯಿಂದ ಎದ್ದು ಹೊರಗೆ ಬಂದು ನಿಮ್ಮ ಗೆಳೆಯನ ಪಕ್ಕ ನಿಲ್ಲಿ. ಅಭಿಮಾನಿ ಅಂತ ಕರೆಸಿಕೊಳ್ಳೋಕೆ ಅಷ್ಟು ಮಾಡಿದರೆ ಸಾಕು.

ಮುಂದಿನ ವಾರ ಸಿಗೋಣ.