ಪದವಿಯ ಆಚೆಗೂ ದಾರಿಯಿದೆ

ಸಿಇಟಿ ಫಲಿತಾಂಶ ಹೊರಬಿದ್ದೊಡನೆ ನಮ್ಮ ಮನೆಗಳಲ್ಲಿ ನಡೆಯುವ ಚರ್ಚೆ ಹೆಚ್ಚಾಗಿ ಕಂಪ್ಯೂಟರ್ ಸಯನ್ಸ್‌ನಿಂದ ಆರಂಭಗೊಂಡು ಅಲ್ಲಿಯೇ ಮುಗಿಯುತ್ತದೆ. ಕೆಮಿಕಲ್ ಇಂಜಿನಿಯರಿಂಗ್ ಸೀಟು ದೊರೆತವನನ್ನು ಬಂಧುಗಳು ಅನುಕಂಪದಿಂದ ನೋಡುತ್ತಾರೆ. ನಾಲ್ಕು ವರ್ಷಗಳ ಬಳಿಕ ಆತ ಸಾಫ್ಟ್‌ವೇರ್ ಕಂಪೆನಿಯ ಮೊದಲ ಕರೆಗೆ ಓಗೊಟ್ಟು ಕಲಿತದ್ದನ್ನೆಲ್ಲ ಬದಿಗಿಡುತ್ತಾನೆ. ಇಲ್ಲವೇ, ಪದವಿಗೆ ಸಂಬಂಧವೇ ಇಲ್ಲದ ಕೆಲಸದ ವೀಸಾ ಪಡೆದು ಗಲ್ಫ್ ವಿಮಾನ ಹತ್ತುತ್ತಾನೆ. ಮನೆಯ ಸಾಲ ಈ ಅವಸರಕ್ಕೆ ಕಾರಣವಾಗಿರಬಹುದು. ಆದರೆ ಮಾಹಿತಿಯ ಕೊರತೆ ಅದಕ್ಕಿಂತಲೂ ದೊಡ್ಡ ಕಾರಣ.

ಪ್ರಯೋಗಾಲಯದ ಗಾಜಿನ ಪಾತ್ರೆಯಲ್ಲಿ ಒಂದು ವಸ್ತುವನ್ನು ಸಿದ್ಧಪಡಿಸುವುದು ರಸಾಯನ ವಿಜ್ಞಾನಿಯ ಕೆಲಸ. ಅದನ್ನೇ ಟನ್‌ಗಟ್ಟಲೆ, ಸುರಕ್ಷಿತವಾಗಿ ಮತ್ತು ಮಿತವ್ಯಯದಲ್ಲಿ ತಯಾರಿಸುವ ಸ್ಥಾವರವನ್ನು ರೂಪಿಸಿ ನಡೆಸುವುದು ಕೆಮಿಕಲ್ ಇಂಜಿನಿಯರನ ಹೊಣೆ. ತೈಲ, ರಸಗೊಬ್ಬರ, ಔಷಧ, ಕಾಗದ, ಸಕ್ಕರೆ, ಬ್ಯಾಟರಿ, ನೀರಿನ ಶುದ್ಧೀಕರಣ ಇವೆಲ್ಲವೂ ಅವನ ಕ್ಷೇತ್ರಗಳೇ. ವರ್ಷಕ್ಕೆ ಒಂದೂವರೆ ಕೋಟಿ ಟನ್ ಕಚ್ಚಾ ತೈಲ ಸಂಸ್ಕರಿಸುವ ಸಾಮರ್ಥ್ಯವುಳ್ಳ ಎಂಆರ್‌ಪಿಎಲ್ ಮಂಗಳೂರಿನಲ್ಲೇ ಇದೆ. ಕರಾವಳಿಯ ಕುಟುಂಬಗಳಿಗೆ ಚಿರಪರಿಚಿತವಾದ ಸೌದಿಯ ಜುಬೈಲ್ ನಗರ ನಿಂತಿರುವುದೂ ಪೆಟ್ರೋಕೆಮಿಕಲ್ ಉದ್ಯಮದ ಮೇಲೆಯೇ. ಇಂತಹ ಸ್ಥಾವರಗಳ ಗೇಟಿನಲ್ಲಿ ಗುತ್ತಿಗೆ ಕೆಲಸಕ್ಕಾಗಿ ಕಾಯುವುದಷ್ಟೇ ನಮ್ಮ ಯುವಕರ ಪಾಲಾಗಬಾರದು.

ಉನ್ನತ ವ್ಯಾಸಂಗದ ಮುಖ್ಯ ಬಾಗಿಲು ಗೇಟ್ ಪರೀಕ್ಷೆ. ಮೂರನೆಯ ವರ್ಷದಲ್ಲಿರುವವರೂ ಇದನ್ನು ಬರೆಯಬಹುದು. ಅಂಕ ಮೂರು ವರ್ಷ ಊರ್ಜಿತದಲ್ಲಿರುತ್ತದೆ. ನೂರು ಅಂಕಗಳ ಪೈಕಿ ಸಾಮಾನ್ಯ ಸಾಮರ್ಥ್ಯಕ್ಕೆ 15, ಗಣಿತಕ್ಕೆ 13, ಉಳಿದದ್ದು ಕಾಲೇಜಿನಲ್ಲಿ ಕಲಿತ ವಿಷಯಗಳಿಗೆ. ಬೆಂಗಳೂರಿನ ಐಐಎಸ್‌ಸಿ, ಸುರತ್ಕಲ್‌ನ ಎನ್‌ಐಟಿಕೆ ಹಾಗೂ ಐಐಟಿಗಳ ಎಂ.ಟೆಕ್. ಪ್ರವೇಶಕ್ಕೆ ಇದೇ ಹಾದಿ. ಹಲವು ಸಾರ್ವಜನಿಕ ತೈಲ ಕಂಪೆನಿಗಳು ನೇಮಕಾತಿಗೂ ಈ ಅಂಕಗಳನ್ನು ಬಳಸಿಕೊಂಡಿವೆ.

'ಇನ್ನೂ ಓದಿಸಲು ಹಣವೆಲ್ಲಿದೆ?' ಎಂಬ ಹೆತ್ತವರ ಪ್ರಶ್ನೆ ನ್ಯಾಯವಾದದ್ದೇ. ಆದರೆ ಗೇಟ್ ಮೂಲಕ ಎಂ.ಟೆಕ್. ಸೇರುವ ಅರ್ಹರಿಗೆ ಮಾಸಿಕ 12,400 ರೂಪಾಯಿ ವಿದ್ಯಾರ್ಥಿವೇತನವಿದೆ. ಸಂಶೋಧನೆಯ ಕಿರಿಯ ಫೆಲೋಶಿಪ್ 2023ರಿಂದ 37,000 ರೂಪಾಯಿಗೇರಿದೆ. ಇತ್ತ, ಅಲ್ಪಸಂಖ್ಯಾತ ಸಂಶೋಧನಾರ್ಥಿಗಳಿಗೆ ಆಸರೆಯಾಗಿದ್ದ ಮೌಲಾನಾ ಆಝಾದ್ ಫೆಲೋಶಿಪ್ಪನ್ನು ಕೇಂದ್ರ ಸರಕಾರವು 2022-23ರಿಂದ ನಿಲ್ಲಿಸಿತು. ಇತರ ಯೋಜನೆಗಳಲ್ಲೂ ನೆರವು ಸಿಗುತ್ತದೆಂಬ ಸಬೂಬು ಆ ನಷ್ಟವನ್ನು ತುಂಬಲಾರದು. ಅದರ ಮರುಸ್ಥಾಪನೆಗೆ ಒತ್ತಾಯಿಸುತ್ತಲೇ ತೆರೆದಿರುವ ಬಾಗಿಲುಗಳನ್ನು ತಟ್ಟುವುದು ವಿವೇಕ.

ಈ ವಿದ್ಯೆಗೆ ನೈತಿಕ ಆಯಾಮವೂ ಇದೆ. 1984ರ ಡಿಸೆಂಬರ್‌ನಲ್ಲಿ ಭೋಪಾಲದ ಕೀಟನಾಶಕ ಕಾರ್ಖಾನೆಯಿಂದ ಸೋರಿದ ಮೀಥೈಲ್ ಐಸೋಸಯನೇಟ್ ಸಾವಿರಾರು ಜೀವಗಳನ್ನು ಬಲಿ ಪಡೆಯಿತು. 2020ರ ಮೇ ತಿಂಗಳಲ್ಲಿ ವಿಶಾಖಪಟ್ಟಣದಲ್ಲಿ ಸ್ಟೈರೀನ್ ಸೋರಿ ಮತ್ತೆ ಜನರು ಸತ್ತರು. ಎರಡು ಕಡೆಯೂ ಮೊದಲು ತತ್ತರಿಸಿದವರು ಕಾರ್ಖಾನೆಯ ನೆರೆಯ ಬಡವರು. ಕೈಗಾರಿಕಾ ಸುರಕ್ಷತೆ ಮತ್ತು ತ್ಯಾಜ್ಯ ನಿರ್ವಹಣೆಯಲ್ಲಿ ಪರಿಣತಿ ಪಡೆದ ಇಂಜಿನಿಯರ್ ಸಂಬಳದ ಜೊತೆಗೆ ಒಂದು ಊರಿನ ಉಸಿರನ್ನೂ ಕಾಯುತ್ತಾನೆ.

'ಹೆಣ್ಮಕ್ಕಳಿಗೆ ಕಾರ್ಖಾನೆ ಹೇಳಿಸಿದ್ದಲ್ಲ' ಎನ್ನುವವರು ವಿನ್ಯಾಸ, ಗುಣಮಟ್ಟ ಪರೀಕ್ಷೆ, ಸಂಶೋಧನೆ ಮತ್ತು ಬೋಧನೆಯೂ ಈ ಶಾಖೆಗೆ ಸೇರಿದವುಗಳೆಂಬುದನ್ನು ಮರೆಯುತ್ತಾರೆ. ಸ್ಥಾವರದ ನಿಯಂತ್ರಣ ಕೊಠಡಿಯೂ ಆಕೆಗೆ ನಿಷಿದ್ಧವಲ್ಲ.

ಆದ್ದರಿಂದ ಕೊನೆಯ ಸೆಮಿಸ್ಟರ್‌ವರೆಗೆ ಕಾಯದೆ ಮೂರನೆಯ ವರ್ಷದಲ್ಲೇ ಹೆತ್ತವರು ಮಕ್ಕಳೊಂದಿಗೆ ಕುಳಿತು ಮಾತನಾಡಲಿ. ಪದವಿಯ ಬಳಿಕ ಒಂದು ವರ್ಷದ ಕಾಲಾವಕಾಶ ನೀಡಲಿ. ಸನ್ಮಾನ ಸಮಾರಂಭಗಳಿಗೆ ಹಣ ಸುರಿಯುವ ನಮ್ಮ ಸಂಘಟನೆಗಳು ಗೇಟ್ ತರಬೇತಿಗೂ ಅದರಲ್ಲೊಂದು ಪಾಲನ್ನು ಮೀಸಲಿಡಲಿ. ಶಾಲು, ಸ್ಮರಣಿಕೆಗಳಿಗಿಂತ ನಮ್ಮ ಮಕ್ಕಳಿಗೆ ಇಂದು ಬೇಕಿರುವುದು ಮುಂದಿನ ಮೆಟ್ಟಿಲು.