ಎಂಜಿನ್ನಿನ ಒಳದನಿಗೆ ಕಿವಿಗೊಡೋಣ



ಕಳೆದ ಮಾರ್ಚ್ ತಿಂಗಳಿನ ಒಂದು ಮುಂಜಾನೆ ಬನಹಟ್ಟಿಯ ನೇಕಾರ ಬಂಧುವೊಬ್ಬರು ತಮ್ಮ ಮಗಳನ್ನು ಪರೀಕ್ಷೆಗಾಗಿ ಜಮಖಂಡಿಗೆ ಕರೆದೊಯ್ಯುತ್ತಿದ್ದರು. ಗಾಡಿ ಅವರ ತಂದೆಯವರು ಕೊಂಡಿದ್ದ ನೂರು ಸಿ.ಸಿ.ಯ ಹಳೆಯ ಮೋಟಾರು ಸೈಕಲ್ಲು. ಅರ್ಧ ದಾರಿ ಕ್ರಮಿಸುವಷ್ಟರಲ್ಲಿ ಎಂಜಿನ್ನು ಒಮ್ಮೆಲೆ ನಿಂತುಹೋಯಿತು. ಕಿಕ್ ಹೊಡೆದರೆ ಎಂದಿನ ಬಿಗಿಯಿಲ್ಲ. ಕಿಕ್ಕರ್ ಸುಮ್ಮನೆ ಕೆಳಗಿಳಿಯುತ್ತಿತ್ತು. ಹಿಂದಿನಿಂದ ಬಂದ ಪರಿಚಿತರೊಬ್ಬರು ಹುಡುಗಿಯನ್ನು ತಮ್ಮ ಗಾಡಿಯಲ್ಲಿ ಕೂರಿಸಿಕೊಂಡು ಹೋದುದರಿಂದ, ಗಂಟೆ ಬಾರಿಸುವ ಹೊತ್ತಿಗೆ ಅವಳು ಪರೀಕ್ಷಾ ಕೊಠಡಿಯನ್ನು ಸೇರಿದಳು. ಆ ಪರಿಚಿತರು ಬಾರದೆ ಇದ್ದಿದ್ದರೆ ಒಂದು ಮಗುವಿನ ವರ್ಷದ ಶ್ರಮ ರಸ್ತೆಯ ಬದಿಯಲ್ಲಿ ಕುಳಿತುಬಿಡುತ್ತಿತ್ತು.

ಮರುದಿನ ಮಿಸ್ತ್ರಿ ಎಂಜಿನ್ನು ಬಿಚ್ಚಿದಾಗ ನಾವೂ ಅಲ್ಲಿದ್ದೆವು. ಟೈಮಿಂಗ್ ಚೈನು ಸಡಿಲಗೊಂಡು ಹಲ್ಲು ಹಾರಿತ್ತು. ಪಿಸ್ಟನ್ ತಗುಲಿ ಒಂದು ವಾಲ್ವು ಬಾಗಿತ್ತು. ಚೈನಿಗೆ ಆಸರೆಯಾಗಿದ್ದ ರಬ್ಬರಿನ ರೋಲರು ಸವೆದು ಚೂರಾಗಿ, ಆ ಚೂರುಗಳು ಎಣ್ಣೆ ಸೋಸುವ ಜಾಳಿಯಲ್ಲಿ ಸಿಕ್ಕಿಕೊಂಡಿದ್ದವು. "ಎರಡ್ ತಿಂಗಳಿಂದ ದನಿ ಬರತಿತ್ರಿ ಕಾಕಾ, ಗಾಡಿಗೆ ವಯಸ್ಸಾಗೇತಿ, ಗೊಣಗತೈತಿ ಅಂತ ಸುಮ್ಮನಿದ್ನಿ" ಎಂದರು ಆ ಬಂಧುಗಳು. ಸಣ್ಣ ಖರ್ಚಿನಲ್ಲಿ ಮುಗಿಯಬಹುದಾಗಿದ್ದ ಕೆಲಸಕ್ಕೆ ಮಗ್ಗದ ಹಲವು ದಿನಗಳ ದುಡಿಮೆಯನ್ನು ತೆರಬೇಕಾಯಿತು. ಈ ಸಂಚಿಕೆಯ ಅಂಕಣವನ್ನು ಆ ಎರಡು ತಿಂಗಳ ಸುಮ್ಮನಿರುವಿಕೆಯನ್ನು ಕುರಿತೇ ಬರೆಯುತ್ತಿದ್ದೇವೆ.

ಎಲ್ಲ ಹಳೆಯ ಗಾಡಿಗಳಿಗೂ ಈ ಚಿಂತೆ ಇಲ್ಲವೆಂಬುದನ್ನು ಮೊದಲು ತಿಳಿಯಬೇಕು. ಮೈಸೂರಿನಲ್ಲಿ ತಯಾರಾಗುತ್ತಿದ್ದು, 1996ರಲ್ಲಿ ಕಾರ್ಖಾನೆ ಮುಚ್ಚುವವರೆಗೆ ನಮ್ಮ ರಸ್ತೆಗಳನ್ನು ಆಳಿದ ಜಾವಾ ಮತ್ತು ಯಜ್ದಿ, ಅದೇ ಕಾಲದ ಯಮಹಾ ಆರ್.ಎಕ್ಸ್. 100 ಇವೆಲ್ಲ ಟೂ ಸ್ಟ್ರೋಕ್ ಎಂಜಿನ್ನಿನವು. ಅವುಗಳಲ್ಲಿ ಕ್ಯಾಮೂ ಇಲ್ಲ, ಟೈಮಿಂಗ್ ಚೈನೂ ಇಲ್ಲ. ಹಳೆಯ ಬುಲೆಟ್ಟಿನಲ್ಲಿ ಕ್ಯಾಮುಗಳನ್ನು ಹಲ್ಲಿನ ಗಾಲಿಗಳೇ ತಿರುಗಿಸುತ್ತವೆ. ನಮ್ಮ ಮನೆಗಳಿಗೆ ಟೈಮಿಂಗ್ ಚೈನನ್ನು ವ್ಯಾಪಕವಾಗಿ ತಂದುದು 1985ರಲ್ಲಿ ಬಂದ ಹೀರೋ ಹೋಂಡಾ ಸಿ.ಡಿ. 100 ಹಾಗೂ 1994ರಲ್ಲಿ ಬಂದ ಸ್ಪ್ಲೆಂಡರ್. ಎಣ್ಣೆ ತುಂಬಿಸಿ, ಮುಚ್ಚಳ ಹಾಕಿ, ಮರೆತುಬಿಡಿ ಎಂಬರ್ಥದ ಜಾಹೀರಾತು ಆಗ ಮನೆಮಾತಾಗಿತ್ತು. ಅದು ಪೆಟ್ರೋಲಿನ ಉಳಿತಾಯವನ್ನು ಕುರಿತು ಹೇಳಿದ ಮಾತು. ನಮ್ಮವರು ಅದನ್ನು ಎಂಜಿನ್ ಆಯಿಲಿಗೂ ಅನ್ವಯಿಸಿಕೊಂಡರು. ಕೆಡುಕಿನ ಮೂಲವಿರುವುದು ಅಲ್ಲಿಯೇ.

ಫೋರ್ ಸ್ಟ್ರೋಕ್ ಎಂಜಿನ್ನಿನಲ್ಲಿ ಪೆಟ್ರೋಲಿನ ಮಿಶ್ರಣ ಒಳಬರಲು ಒಂದು ವಾಲ್ವು, ಹೊಗೆ ಹೊರಹೋಗಲು ಇನ್ನೊಂದು ವಾಲ್ವು ಇರುತ್ತವೆ. ಇವುಗಳನ್ನು ಸಕಾಲದಲ್ಲಿ ತೆರೆಯುವುದು ಮೇಲಿರುವ ಕ್ಯಾಮು. ಕ್ಯಾಮನ್ನು ಕೆಳಗಿನ ಕ್ರ್ಯಾಂಕಿಗೆ ಜೋಡಿಸುವುದೇ ಟೈಮಿಂಗ್ ಚೈನು. ಕ್ರ್ಯಾಂಕು ಎರಡು ಸುತ್ತು ತಿರುಗಿದರೆ ಕ್ಯಾಮು ಒಂದು ಸುತ್ತು ತಿರುಗಬೇಕು. ಆದ್ದರಿಂದ ಮೇಲಿನ ಗಾಲಿಗೆ ಕೆಳಗಿನದರ ಎರಡರಷ್ಟು ಹಲ್ಲುಗಳಿರುತ್ತವೆ. ನಿಮಿಷಕ್ಕೆ ಸಾವಿರಾರು ಸುತ್ತು ತಿರುಗುವಾಗ ಚೈನಿನ ಪಿನ್ನುಗಳು ಸವೆದು ಅದು ಕ್ರಮೇಣ ಉದ್ದವಾಗುತ್ತದೆ. ಆ ಸಡಿಲನ್ನು ಹೀರಿಕೊಂಡು ಚೈನನ್ನು ಹದವಾದ ಬಿಗಿಯಲ್ಲಿಡುವುದೇ ಟೆನ್ಷನರಿನ ಕೆಲಸ.

ರಬಕವಿ-ಬನಹಟ್ಟಿಯ ಓದುಗರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಮಗ್ಗದ ಮೇಲೆ ಹಾಸು ಸಡಿಲಾದರೆ ಬಟ್ಟೆ ಕೆಡುತ್ತದೆ, ಅತಿ ಬಿಗಿಯಾದರೆ ಎಳೆ ಹರಿಯುತ್ತದೆ. ಚೈನಿನ ಧರ್ಮವೂ ಅದೇ ಆಗಿದೆ.

ಸಿ.ಡಿ. 100 ಮತ್ತು ಹಳೆಯ ಸ್ಪ್ಲೆಂಡರ್ ಗಾಡಿಗಳಲ್ಲಿ ಈ ಚೈನು ಎಂಜಿನ್ನಿನ ಎಡಬದಿಯಲ್ಲಿದೆ. ರಬ್ಬರಿನ ರೋಲರುಳ್ಳ ತೋಳೊಂದು ಚೈನನ್ನು ಒತ್ತಿ ಹಿಡಿಯುತ್ತದೆ. ಆ ತೋಳನ್ನು ತಳ್ಳುವುದು ಒಂದು ಸಣ್ಣ ದಂಡ. ಅದರ ತುದಿಗೆ ರಬ್ಬರು, ಬೆನ್ನಿಗೆ ಸ್ಪ್ರಿಂಗು. ದಂಡದ ಗೂಡಿನಲ್ಲಿ ನಿಂತ ಎಣ್ಣೆಯು ಚೈನಿನ ಕುಲುಕಾಟವನ್ನು ಮೆತ್ತಗೆ ತಡೆಯುತ್ತದೆ. ಎಣ್ಣೆ ಕಡಿಮೆಯಾದರೆ ಅಥವಾ ಸತ್ವಗೆಟ್ಟರೆ ಈ ತಡೆ ಕುಂದುತ್ತದೆ, ರೋಲರು ಪೆಟ್ಟು ತಿನ್ನುತ್ತದೆ. ಮುಂದೆ ಬಂದ ಹಲವು ಗಾಡಿಗಳಲ್ಲಿ ಸಿಲಿಂಡರಿನ ಹಿಂಬದಿಗೆ ಎರಡು ಬೋಲ್ಟುಗಳಿಂದ ಕೂಡ್ರಿಸಿದ, ತಾನಾಗಿ ಮುಂದೆ ಸರಿಯುವ ಟೆನ್ಷನರು ಇರುತ್ತದೆ. ರಚನೆ ಬೇರೆಯಾದರೂ ಉದ್ದೇಶವೊಂದೇ.

ನಮ್ಮ ಸೀಮೆಯ ಗಾಡಿಗಳ ಬಾಳು ಸುಖದ್ದಲ್ಲ. ಮುಧೋಳದ ಸುತ್ತ ಕಬ್ಬಿನ ಹಂಗಾಮಿನಲ್ಲಿ ಟ್ರ್ಯಾಕ್ಟರುಗಳ ಹಿಂದೆ ಧೂಳು ಕುಡಿಯುತ್ತ ತೆವಳಬೇಕು. ಬೀಳಗಿ ತಾಲ್ಲೂಕಿನಲ್ಲಿ ಆಲಮಟ್ಟಿಯ ಹಿನ್ನೀರಿನಿಂದಾಗಿ ಊರು ಬಿಟ್ಟು ಪುನರ್ವಸತಿ ಕೇಂದ್ರಗಳಿಗೆ ಬಂದ ರೈತರು ಉಳಿದ ಹೊಲಗಳಿಗೆ ದೂರ ಹೋಗಿಬರಬೇಕು. ಬನಹಟ್ಟಿಯಲ್ಲಿ ಬಟ್ಟೆಯ ಗಂಟು ಹೇರಿಕೊಂಡು ದಿನಕ್ಕೆ ಹತ್ತು ಸಲ ಗಿಡ್ಡ ಓಡಾಟ. ಹೊರೆ, ಧೂಳು, ಬಿಸಿಲು, ಎಂಜಿನ್ನು ಸರಿಯಾಗಿ ಕಾಯುವ ಮೊದಲೇ ನಿಲ್ಲಿಸುವ ರೂಢಿ, ಇವೆಲ್ಲವೂ ಎಣ್ಣೆಯನ್ನು ಬೇಗ ಕೆಡಿಸುತ್ತವೆ. ಪುಸ್ತಕದಲ್ಲಿ ಸೂಚಿಸಿದ ಅವಧಿಗಿಂತ ತುಸು ಮೊದಲೇ ಎಣ್ಣೆ ಬದಲಿಸುವುದು ನಮ್ಮವರಿಗೆ ಲೇಸು.

ದನಿಯನ್ನು ಗುರುತಿಸುವ ಬಗೆ ಹೀಗೆ. ಗಾಡಿಯನ್ನು ಡಬಲ್ ಸ್ಟ್ಯಾಂಡಿನ ಮೇಲೆ ನಿಲ್ಲಿಸಿ, ನ್ಯೂಟ್ರಲ್‌ನಲ್ಲಿಟ್ಟು ಎಂಜಿನ್ನು ಚಾಲೂ ಮಾಡಬೇಕು. ಚಕ್ರ ತಿರುಗದಿದ್ದಾಗಲೂ ದನಿ ಇದೆಯೆಂದರೆ ಅದು ಹಿಂಚಕ್ರದ ಚೈನಿನದಲ್ಲ. ಹೆಡ್ಡಿನ ಭಾಗದಿಂದ ಗಡಿಯಾರದಂತೆ ಟಿಕ್ ಟಿಕ್ ಎಂದು ಕ್ರಮವಾಗಿ ಕೇಳಿಸಿದರೆ ಬಹುಮಟ್ಟಿಗೆ ಟ್ಯಾಪೆಟ್ಟಿನ ದೋಷ. ಎಡಬದಿಯಿಂದ ಕರಕರ, ಗಲಗಲ ಎಂಬ ಅಂಕೆಯಿಲ್ಲದ ಸದ್ದು ಬಂದು, ಎಕ್ಸಲೇಟರ್ ಏರಿಸಿ ಬಿಟ್ಟಾಗ ಅದು ಹೆಚ್ಚಾದರೆ ಟೈಮಿಂಗ್ ಚೈನನ್ನು ಶಂಕಿಸಬೇಕು. ಮುಂಜಾನೆಯ ಮೊದಲ ಕಿಕ್ಕಿನಲ್ಲಿ ಕ್ಷಣಕಾಲ ಕೇಳಿ ಅಡಗುವ ಸದ್ದಿಗೆ ಗಾಬರಿ ಬೇಡ. ಎಂಜಿನ್ನು ಕಾಯ್ದ ಮೇಲೂ ಉಳಿಯುವ ಸದ್ದನ್ನು ಆ ವಾರವೇ ತೋರಿಸಬೇಕು.

ತೋರಿಸುವ ಮುನ್ನ ಮನೆಯಲ್ಲೇ ಎಣ್ಣೆಯ ಮಟ್ಟ ನೋಡಿರಿ. ಈ ಸಣ್ಣ ಎಂಜಿನ್ನುಗಳಲ್ಲಿ ಇರುವುದೇ ಒಂದು ಲೀಟರಿಗಿಂತ ಕಡಿಮೆ ಎಣ್ಣೆ. ಅದರಲ್ಲಿ ಕಾಲು ಲೀಟರು ಇಂಗಿದರೂ ಹಾನಿ ದೊಡ್ಡದು. ಸಮತಲವಾದ ನೆಲದಲ್ಲಿ ಗಾಡಿಯನ್ನು ನೆಟ್ಟಗೆ ನಿಲ್ಲಿಸಿ, ಅಳತೆಯ ಕಡ್ಡಿಯನ್ನು ಒರೆಸಿ, ಪುಸ್ತಕದಲ್ಲಿ ಹೇಳಿದಂತೆ ಅದ್ದಿ ನೋಡಬೇಕು. ಇದು ಮನೆಯ ಹೆಣ್ಣುಮಕ್ಕಳೂ ಮಕ್ಕಳೂ ಕಲಿಯಬಹುದಾದ ಎರಡು ನಿಮಿಷದ ಕೆಲಸ.

ದುರಸ್ತಿಯ ಕಾಲಕ್ಕೆ ಮೂರು ತಪ್ಪುಗಳನ್ನು ನಾವು ಪದೇ ಪದೇ ಕಂಡಿದ್ದೇವೆ. ಸ್ಪ್ರಿಂಗಿನ ಹಿಂದೆ ವಾಶರು ಕೊಟ್ಟು ಬಿಗಿ ಹೆಚ್ಚಿಸುವುದು ಮೊದಲನೆಯದು. ಮೇಲೆ ಹೇಳಿದ ಗಾಡಿಗೂ ಯಾರೋ ಹಾಗೆ ಮಾಡಿದ್ದರು. ಸದ್ದು ಎರಡು ವಾರ ಅಡಗಿತ್ತು; ಅಷ್ಟರಲ್ಲಿ ಅತಿಯಾದ ಒತ್ತಡಕ್ಕೆ ರೋಲರು ಇನ್ನೂ ಬೇಗ ಸವೆಯಿತು. ದಪ್ಪನೆಯ ಎಣ್ಣೆ ಹಾಕಿ ಸದ್ದನ್ನು ಮುಚ್ಚುವುದು ಎರಡನೆಯದು. ಅದು ರೋಗವನ್ನು ಬಿಟ್ಟು ಕೆಮ್ಮನ್ನು ಮಾತ್ರ ಅಡಗಿಸಿದಂತೆ. ಸವೆದ ಚೈನನ್ನು ಹಾಗೆಯೇ ಉಳಿಸಿ ಟೆನ್ಷನರನ್ನಷ್ಟೇ ಬದಲಿಸುವುದು ಮೂರನೆಯದು. ಚೈನು, ರೋಲರುಗಳು, ದಂಡದ ರಬ್ಬರು, ಸ್ಪ್ರಿಂಗು ಇವೆಲ್ಲವನ್ನೂ ಒಟ್ಟಿಗೆ ಪರೀಕ್ಷಿಸಬೇಕು. ಗಾಲಿಗಳ ಹಲ್ಲು ಚೂಪಾಗಿದ್ದರೆ ಅವುಗಳನ್ನೂ ಬದಲಿಸಬೇಕು. ಸ್ಪ್ರಿಂಗಿನ ಉದ್ದವನ್ನು ಕಂಪನಿಯ ಅಳತೆಗೆ ಹೋಲಿಸಿ ನೋಡುವ ಮಿಸ್ತ್ರಿ ದೊರೆತರೆ ಅವರನ್ನು ಬಿಡಬೇಡಿರಿ.

ಸ್ವಂತ ಕೈಯಿಂದ ಬಿಚ್ಚುವ ಉತ್ಸಾಹವುಳ್ಳ ತರುಣರಿಗೆ ಒಂದು ಎಚ್ಚರಿಕೆ. ಪಿಸ್ಟನ್ ಮೇಲ್ತುದಿಗೆ ಬಂದು ಟೈಮಿಂಗಿನ ಗುರುತುಗಳು ಕೂಡಿದ ಮೇಲೆಯೇ ಟೆನ್ಷನರನ್ನು ತೆಗೆಯಬೇಕು. ಅದು ಹೊರಗಿರುವಾಗ ಅಪ್ಪಿತಪ್ಪಿಯೂ ಕಿಕ್ ಹೊಡೆಯಬಾರದು. ಚೈನು ಹಲ್ಲು ಹಾರುತ್ತದೆ. ತಾನಾಗಿ ಸರಿಯುವ ಬಗೆಯ ಟೆನ್ಷನರಿನ ಕಡ್ಡಿಯನ್ನು ಪೂರ್ತಿ ಹಿಂದಕ್ಕೆ ಸರಿಸಿಯೇ ಮರಳಿ ಕೂಡ್ರಿಸಬೇಕು. ಹಾಗೆಯೇ ಒತ್ತಿ ಬೋಲ್ಟು ಬಿಗಿದರೆ ಚೈನಿಗೂ ಅದರ ಆಸರೆಗೂ ಪೆಟ್ಟು. ಎಣ್ಣೆ ನಿಲ್ಲುವ ಬಗೆಯದಾದರೆ ಜೋಡಿಸುವಾಗ ಗೂಡಿಗೆ ಹೊಸ ಎಣ್ಣೆ ತುಂಬಲು ಮರೆಯಬಾರದು. ಇಷ್ಟು ಮನದಟ್ಟಾಗದಿದ್ದರೆ ಅನುಭವಿ ಮಿಸ್ತ್ರಿಯ ಪಕ್ಕದಲ್ಲಿ ಕುಳಿತು ಒಮ್ಮೆ ನೋಡಿ ಕಲಿಯುವುದೇ ಜಾಣತನ.

ಮನೆಯ ಜಮಾ-ಖರ್ಚಿನ ವಹಿಯಲ್ಲಿ ಗಾಡಿಗೊಂದು ಪುಟವಿರಲಿ. ಎಣ್ಣೆ ಬದಲಿಸಿದ ತಾರೀಖು, ಮೀಟರಿನ ಅಂಕಿ, ಚೈನು ಹಾಕಿಸಿದ ವರ್ಷ ಇಷ್ಟು ಬರೆದಿಟ್ಟರೆ ಸಾಕು. ಗಾಡಿ ಒಂದು ಕೈಯಿಂದ ಇನ್ನೊಂದು ಕೈಗೆ, ತಂದೆಯಿಂದ ಮಗನಿಗೆ ದಾಟುವಾಗ ನೆನಪು ದಾಟುವುದಿಲ್ಲ, ಬರಹ ದಾಟುತ್ತದೆ.

ಬನಹಟ್ಟಿಯ ಆ ಗಾಡಿ ಈಗ ಮತ್ತೆ ಓಡುತ್ತಿದೆ. ಮಗಳು ತೇರ್ಗಡೆಯಾಗಿದ್ದಾಳೆ. ಪ್ರತಿ ಸೋಮವಾರ ಮುಂಜಾನೆ ಎಣ್ಣೆಯ ಕಡ್ಡಿಯನ್ನು ಒರೆಸಿ ನೋಡುವ ಹೊಣೆಯನ್ನು ಅವಳೇ ವಹಿಸಿಕೊಂಡಿದ್ದಾಳೆಂದು ಅವಳ ತಂದೆಯವರು ಮೊನ್ನೆ ಹೆಮ್ಮೆಯಿಂದ ಹೇಳಿದರು. ನಮ್ಮ ಕಾಯಕಕ್ಕೆ ಹೆಗಲು ಕೊಡುವ ಯಂತ್ರ ತನ್ನ ನೋವನ್ನು ಸದ್ದಿನಲ್ಲಿ ಹೇಳಿಕೊಳ್ಳುತ್ತದೆ. ಕೇಳಿದ ದಿನವೇ ಕಿವಿಗೊಟ್ಟರೆ ಅದು ಇನ್ನೂ ಹಲವು ವರ್ಷ ನಮ್ಮನ್ನು ಹೊತ್ತೊಯ್ಯುತ್ತದೆ.